ಸ್ಪಷ್ಟನೆ: ಹೊಸ ಅಕ್ವೇರಿಯಂಗೆ ವಾರದಲ್ಲೇ ಹವಳ ಬಿಡಬೇಡಿ

‘ಕಾರವಾರದ ಸಮುದ್ರದ ನೀರನ್ನೇ ತುಂಬಿಸಿದರೆ ವಾರದಲ್ಲೇ ಹವಳ ಬಿಡಬಹುದು’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಕೊಳೆ ಅರಗಿಸುವ ಬ್ಯಾಕ್ಟೀರಿಯಾ ನೀರಿಗಿಂತ ಕಲ್ಲು, ಮರಳಿಗೆ ಅಂಟಿಕೊಂಡೇ ಜಾಸ್ತಿ ಬೆಳೆಯುತ್ತವೆ. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿದ ಮೇಲೂ ಅಕ್ರೋಪೋರಾದಂಥ ನಾಜೂಕು ಹವಳಕ್ಕೆ ಆತುರ ಬೇಡ. ಆರು ತಿಂಗಳಾದರೂ ಕಾಯಿರಿ. ಉಪ್ಪಿನಂಶ, ಕ್ಷಾರತೆ ದಿಢೀರ್ ಏರಿಳಿದರೆ ಅದರ ಮೈ ಬುಡದಿಂದಲೇ ಸುಲಿದು, ಎಲುಬಿನಂಥ ಬಿಳಿ ಕಡ್ಡಿ ಉಳಿಯುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲ್ಲಿನ ಮೇಲೆ ನೇರಳೆ-ಗುಲಾಬಿ ಪಾಚಿ ಗಟ್ಟಿಯಾಗಿ ಹಬ್ಬಿದರೆ ಅಕ್ವೇರಿಯಂ ಹದಕ್ಕೆ ಬರುತ್ತಿದೆ ಎಂಬುದಕ್ಕೆ ಒಳ್ಳೆಯ ಗುರುತು.

ಮಳೆಗಾಲದಲ್ಲಂತೂ ಕಾಳಿ ನದಿ ಸಮುದ್ರ ಸೇರುವ ಕಡೆಯ ನೀರು ಬೇಡವೇ ಬೇಡ. ನದಿ ನೀರು ಬೆರೆತು ಉಪ್ಪಿನಂಶ ಕಡಿಮೆಯಾಗಿರುತ್ತದೆ. ಇನ್ನು, ಮುರ್ಡೇಶ್ವರ ಬಳಿಯ ನೇತ್ರಾಣಿ ದ್ವೀಪದಿಂದ ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.