ಹಳೆಯ ಸ್ಕ್ರಿಪ್ಟನ್ನು ಎಸೆಯುವುದು ಬೇಡ, ಬಿಡಿಸೋಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಮನೆಗಳಿಗೂ ವಾಚನಾಲಯಗಳಿಗೂ ಕೊಡಲೆಂದು ನಾವು ಕೆಲವು ಗೆಳೆಯರು ಸೇರಿ ಕನ್ನಡದ ಒಂದು ಲಿನಕ್ಸ್ ಇಮೇಜ್, ಅಂದರೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ಒಂದೇ ಫೈಲಿನಲ್ಲಿ ತುಂಬಿದ್ದು, ಕಟ್ಟುತ್ತಾ ಬಂದಿದ್ದೇವೆ. ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿದರೆ ಸಾಕು. ತಳದಲ್ಲಿ ಡೆಬಿಯನ್ ಎಂಬ ಲಿನಕ್ಸ್, ಮೇಲೆ ಕನ್ನಡದ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್, ಗುಬ್ಬಿ–ನವಿಲು ಫಾಂಟುಗಳು, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ. ನಮ್ಮೂರಲ್ಲಿ ಮಲಯಾಳವೂ ಬೇಕು, ಅದೂ ಇದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ ಸರಕಾರಿ ಯೋಜನೆ ಐಟಿ@ಸ್ಕೂಲ್‌ನಿಂದ ಇಂದಿನ ಕೈಟ್‌ವರೆಗೆ ಸ್ವತಂತ್ರ ತಂತ್ರಾಂಶ ಬೇರು ಬಿಟ್ಟಿರುವುದರಿಂದ ಲಿನಕ್ಸ್ ಇಲ್ಲಿನ ಮಕ್ಕಳಿಗೆ ಹೊಸತಲ್ಲ. ಮನೆಯ ಹಳೆ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲ, ಅಷ್ಟೇ.

ಇಮೇಜ್ ಕಟ್ಟುವ ನಮ್ಮ ಟೂಲ್ ಈಗ ಒಂದೇ ಒಂದು ಉದ್ದನೆಯ ಶೆಲ್ ಸ್ಕ್ರಿಪ್ಟ್, ಅಂದರೆ ಒಂದರ ಹಿಂದೊಂದು ಓಡುವ ಆಜ್ಞೆಗಳ ಫೈಲ್. ಅದನ್ನು ಬಿಟ್ಟು ರಸ್ಟ್‌ನಲ್ಲೋ ಗೋ ಭಾಷೆಯಲ್ಲೋ ಹೊಸದಾಗಿ ಬರೆಯೋಣ ಎಂದು ಗುಂಪಿನ ಕಿರಿಯರು ಹೇಳುತ್ತಿದ್ದಾರೆ. ಅವರ ಉತ್ಸಾಹ ನನಗೆ ಬೇಕು. ಆದರೆ ಈ ದಾರಿ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದಲಾವಣೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಹಳೆಯ 32 ಬಿಟ್ ಪಿಸಿಗಳಿಗೆ ಕರ್ನಲ್ (ವ್ಯವಸ್ಥೆಯ ತಿರುಳು) ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. ವಾಚನಾಲಯಗಳಿಗೆ ದಾನವಾಗಿ ಬಂದ ಎಷ್ಟೋ ಯಂತ್ರಗಳು ಅದೇ ಕಾಲದವು. ಅವುಗಳಿಗೆ ಡೆಬಿಯನ್ 12ರ ಇಮೇಜ್, ಹೊಸ ಲ್ಯಾಪ್‌ಟಾಪ್‌ಗಳಿಗೆ 13ರ ಇಮೇಜ್, ಹೀಗೆ ಎರಡನ್ನೂ ಕಟ್ಟಬೇಕು. ನಮ್ಮ ಸ್ಕ್ರಿಪ್ಟಿನಲ್ಲೋ 'ಬುಕ್‌ವರ್ಮ್' ಎಂಬ ಡೆಬಿಯನ್ 12ರ ಹೆಸರು ಹತ್ತಾರು ಕಡೆ ನೇರವಾಗಿ ಬರೆದು ಕೂತಿದೆ. ನಕಲು ಮಾಡಿ ಎರಡು ಸ್ಕ್ರಿಪ್ಟ್ ಇಟ್ಟುಕೊಂಡರೆ ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ.

ಹಾಗಾದರೆ ಹೊಸದಾಗಿ ಯಾಕೆ ಬರೆಯಬಾರದು? ಮೇಲಿಂದ ನೋಡಿದರೆ ಇಂಥ ಟೂಲಿನ ಕೆಲಸ ಸುಲಭ. ಡೆಬೂಟ್‌ಸ್ಟ್ರಾಪ್ ಒಂದು ಫೋಲ್ಡರಿನೊಳಗೆ ಸಣ್ಣ ಡೆಬಿಯನ್ ಇಳಿಸುತ್ತದೆ, ಕ್ರೂಟ್ ಮಾಡಿ, ಅಂದರೆ ಆ ಫೋಲ್ಡರನ್ನೇ ಇಡೀ ವ್ಯವಸ್ಥೆ ಎಂಬಂತೆ ಹೊಕ್ಕು, ಪ್ಯಾಕೇಜ್ ಹಾಕುತ್ತೇವೆ, ಸ್ಕ್ವಾಶ್‌ಎಫ್‌ಎಸ್‌ಗೆ ಒತ್ತಿ ಬೂಟ್ ಮಾಡಿಸುವ ಗ್ರಬ್ ಸೇರಿಸಿ ಐಎಸ್‌ಓ ಮಾಡುತ್ತೇವೆ. ಕಷ್ಟವಿರುವುದು ಯಾರೂ ಗಮನಿಸದ ಸಾಲುಗಳಲ್ಲಿ. ಮಷೀನ್-ಐಡಿ ಫೈಲನ್ನು ಖಾಲಿ ಮಾಡುವ ಒಂದು ಸಾಲು ಇದೆ. ಅದು ಬಿಟ್ಟುಹೋದರೆ ಆ ಇಮೇಜ್ ಹಾಕಿದ ಎಲ್ಲ ಕಂಪ್ಯೂಟರುಗಳ ಗುರುತು ಒಂದೇ ಆಗುತ್ತದೆ, ಒಂದೇ ಲ್ಯಾಬಿನಲ್ಲಿ ಎರಡಕ್ಕೆ ಒಂದೇ ಐಪಿ ವಿಳಾಸ ಬರಬಹುದು. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು (ದೂರದಿಂದ ಲಾಗಿನ್ ಆಗುವಾಗ ಕಂಪ್ಯೂಟರನ್ನು ಗುರುತಿಸುವ ಕೀಗಳು) ಅಳಿಸುವ ಸಾಲೂ ಹಾಗೆಯೇ. ಕಟ್ಟುವುದು ನಡುವೆ ನಿಂತರೆ ಮೌಂಟ್‌ಗಳನ್ನು (ಒಳಗೆ ಜೋಡಿಸಿದ ಹೊರಗಿನ ಫೋಲ್ಡರುಗಳನ್ನು) ಜೋಡಿಸಿದ್ದರ ಹಿಮ್ಮುಖ ಕ್ರಮದಲ್ಲಿ ಬಿಚ್ಚುವ ಭಾಗ ಇನ್ನೂ ಮುಖ್ಯ. ಒಳಗೆ ಬೈಂಡ್ ಮಾಡಿದ ಡೆವ್ ಫೋಲ್ಡರನ್ನು ಬಿಚ್ಚದೆ ಬಿಲ್ಡ್ ಫೋಲ್ಡರ್ ಅಳಿಸಿದರೆ ಕಟ್ಟುತ್ತಿರುವವರ ಕಂಪ್ಯೂಟರಿನ ಡಿವೈಸ್ ಫೈಲುಗಳೇ ಅಳಿಯುತ್ತವೆ. ಈ ಸಾಲುಗಳ ಪಕ್ಕದಲ್ಲಿ ಕಾರಣ ಬರೆದಿಲ್ಲ. ಹೊಸದಾಗಿ ಬರೆಯುವವರ ಕಣ್ಣಿಗೆ ಅವು ಕಸದಂತೆ ಕಾಣುತ್ತವೆ.

ಹಾಗಾಗಿ ನಾನು ಹೇಳುವ ಕ್ರಮ ಇದು. ಮೊದಲು, ಒಂದೇ ಮೂಲದಿಂದ ಎರಡು ಸಲ ಕಟ್ಟಿದಾಗ ಒಂದು ಬಿಟ್ ಕೂಡ ಬದಲಾಗದ ಅದೇ ಇಮೇಜ್ ಬರಬೇಕು. ಡೆಬಿಯನ್‌ನವರು 2013ರಿಂದ ಇದರ ಹಿಂದೆ ಬಿದ್ದಿದ್ದಾರೆ, ದಾರಿ ಸಿದ್ಧವಿದೆ: ಸೋರ್ಸ್ ಡೇಟ್ ಎಪೋಕ್ ಎಂಬ ಸೆಟ್ಟಿಂಗ್‌ನಿಂದ ಸಮಯವನ್ನು ಕಟ್ಟಿಹಾಕುವುದು, ಪ್ಯಾಕೇಜುಗಳನ್ನು ಡೆಬಿಯನ್ ಸ್ನ್ಯಾಪ್‌ಶಾಟ್‌ನ ಒಂದು ನಿರ್ದಿಷ್ಟ ದಿನದಿಂದ ತರುವುದು, ವ್ಯತ್ಯಾಸ ಉಳಿದರೆ ಹೋಲಿಕೆಯ ಟೂಲ್ ಡಿಫೋಸ್ಕೋಪ್‌ನಿಂದ ಹುಡುಕುವುದು. ಇಷ್ಟಾದ ಮೇಲೆ ಸ್ಕ್ರಿಪ್ಟನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಲು ಹೆದರಬೇಕಾಗಿಲ್ಲ. ಒಂದು ಫಂಕ್ಷನ್ ಹೊರತೆಗೆದು ಮತ್ತೆ ಕಟ್ಟಿ, ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಅದೇ ಬಂದರೆ ಮುಂದಿನದು. ಬೇರೆ ಬಂದರೆ ಏನು ತಪ್ಪಿತೆಂದು ಅಲ್ಲೇ ಗೊತ್ತಾಗುತ್ತದೆ. ಹೊಸ ಭಾಷೆಯಲ್ಲೇ ಬರೆಯಬೇಕೆಂಬ ಆಸೆ ಇದ್ದರೂ ಇದೇ ದಾರಿಯಲ್ಲಿ ಒಂದೊಂದೇ ಹಂತವನ್ನು ಬದಲಿಸುತ್ತಾ ಹೋಗಬಹುದು.

ಬಿಡಿಸುವಾಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಏನೇನು ಇರಬೇಕು ಎಂಬುದನ್ನು ಹೇಗೆ ಕಟ್ಟಬೇಕು ಎಂಬುದರಿಂದ ಬೇರೆ ಮಾಡುವುದು. ಮುಳ್ಳೇರಿಯ ಕಡೆಯ ಮಾಷ್ಟ್ರೊಬ್ಬರು ಕೇಳಿದ್ದರು, "ಚಿಕ್ಕ ಮಕ್ಕಳಿಗೆ ಜಿಕಾಂಪ್ರಿಸ್ ಸೇರಿಸ್ಲಿಕ್ಕೆ ಆಗ್ತದಾ? ಯಾರತ್ರ ಹೇಳಬೇಕು?" (ಆಟವಾಡುತ್ತಾ ಕಲಿಯುವ ತಂತ್ರಾಂಶ ಅದು.) ಅವರು ಯಾರತ್ರವೂ ಹೇಳಬೇಕಾಗಬಾರದು. ಸಾದಾ ಪಟ್ಟಿಯ ಫೈಲೊಂದರಲ್ಲಿ ಅವರೇ ಒಂದು ಸಾಲು ಸೇರಿಸಿ ಕಳಿಸುವಂತಿರಬೇಕು. ಯಾವ ತರಗತಿಗೆ ಯಾವ ತಂತ್ರಾಂಶ ಬೇಕೆಂದು ತಿಳಿದಿರುವವರು ಅವರು. ಆ ತಿಳಿವಳಿಕೆ ಇವತ್ತು ಶೆಲ್ ಬಲ್ಲ ಇಬ್ಬರ ಬಿಡುವಿಗಾಗಿ ಕಾಯುತ್ತಿದೆ. ಮುಕ್ತ ತಂತ್ರಾಂಶ ಎಂದು ಕರೆದುಕೊಂಡು ಇದನ್ನು ಹೀಗೆಯೇ ಬಿಡುವುದು ನನಗೆ ಸರಿಕಾಣುವುದಿಲ್ಲ.

ಇಮೇಜ್ ಕಟ್ಟಲು ಎಂಕೋಸಿ ಇದೆಯಲ್ಲ, ಕಿವಿ ಇದೆಯಲ್ಲ, ನಮ್ಮದೇ ಟೂಲ್ ಯಾಕೆ ಎಂದೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸಿಸ್ಟಮ್‌ಡಿ ಬಳಗದ ಎಂಕೋಸಿಯಲ್ಲಿ ಬೇಕಾದದ್ದನ್ನು ಸಂರಚನಾ ಫೈಲಿನಲ್ಲಿ ಬರೆದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ನಮ್ಮ ಪಟ್ಟಿ ಬೇರೆಯಾದ ದಿನ ಕೆಳಗಿನ ಯಂತ್ರಾಂಗವಾಗಿ ಅದನ್ನೇ ಇಟ್ಟುಕೊಳ್ಳಬಹುದು, ನನ್ನ ತಕರಾರಿಲ್ಲ. ಪಟ್ಟಿ ಮತ್ತು ಪರೀಕ್ಷೆ ಮಾತ್ರ ನಮ್ಮದಾಗಿ ಉಳಿಯಬೇಕು. ಕ್ವೆಮು ಎಂಬ ನಕಲಿ ಕಂಪ್ಯೂಟರಿನಲ್ಲಿ (ಎಮ್ಯುಲೇಟರ್) ಇಮೇಜ್ ಬೂಟ್ ಆಯಿತೇ ಎಂದು ಎಲ್ಲರೂ ನೋಡುತ್ತಾರೆ. 'ರಾಷ್ಟ್ರ', 'ಸ್ತ್ರೀ' ಪದಗಳ ಒತ್ತಕ್ಷರ ಒಡೆಯದೆ ಬಂತೇ, ಕೆಜಿಪಿ ಮೊದಲ ಸಲಕ್ಕೇ ಕೆಲಸ ಮಾಡಿತೇ ಎಂದು ನೋಡಬೇಕಾದವರು ನಾವು.

ಸದ್ಯಕ್ಕೆ ಪ್ಯಾಕೇಜ್ ಪಟ್ಟಿಯನ್ನು ಹೊರತೆಗೆಯುವ ಕೆಲಸಕ್ಕೆ ಕೈಹಾಕಿದ್ದೇನೆ. ಕಿರಿಯರಲ್ಲಿ ನನ್ನ ವಿನಂತಿ, ರಸ್ಟ್ ಸ್ವಲ್ಪ ಕಾಯಲಿ. ಮೊದಲು ಆ ಹಳೆಯ ಸ್ಕ್ರಿಪ್ಟಿನ ಒಂದೊಂದು ಸಾಲಿನ ಮೇಲೂ ಅದು ಯಾಕೆ ಇದೆ ಎಂದು ಕನ್ನಡದಲ್ಲಿ ಬರೆದುಕೊಡಿ. ಗೊತ್ತಾಗದ ಸಾಲು ಸಿಕ್ಕರೆ ಕೇಳಿ, ಕೂತು ನೋಡೋಣ.