ಹನ್ನೊಂದು ಎಲೆಯ ಪಂಕ್ತಿ

ಸಿಗಡಿ ಮೊದಲು ಗಾಜಿನ ಬಟ್ಟಲಿನಲ್ಲಿರುತ್ತದೆ. ಕ್ಯಾಮೆರಾ ಎದುರಿನವನ ಮುಖ ನೋಡಿ ಬರುವಷ್ಟರಲ್ಲಿ ತಟ್ಟೆಗೆ ಇಳಿದಿರುತ್ತದೆ. ಇನ್ನೊಂದು ಗಳಿಗೆ ಕಳೆದರೆ ಮತ್ತೆ ಬಟ್ಟಲು. ತಿನ್ನುತ್ತಿರುವ ಬ್ರಾಡ್ ಪಿಟ್‌ಗೆ ಮಾತ್ರ ಇದರ ಪರಿವೆಯೇ ಇಲ್ಲ. ಲಾಸ್ ವೇಗಸ್ಸಿನ ಕ್ಯಾಸಿನೋಗಳನ್ನು ದೋಚುವ ಹನ್ನೊಂದು ಕಳ್ಳರ ಹಾಲಿವುಡ್ ಚಿತ್ರ ‘ಓಷನ್ಸ್ ಇಲೆವೆನ್’ ನೋಡಿದವರ ನಡುವೆ ಜಗಳ ಶುರುವಾಗುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ತಟ್ಟೆ ಬದಲಾದದ್ದನ್ನು ಹಿಡಿದವರು ಕಳ್ಳನನ್ನೇ ಹಿಡಿದಷ್ಟು ಹಿಗ್ಗುತ್ತಾರೆ. ಹಿಡಿಯದವರು, “ಸಿಗಡಿ ನೋಡೋಕೆ ಸಿನಿಮಾಕ್ಕೆ ಹೋಗಿದ್ಯೇನೋ?” ಅನ್ನುತ್ತಾರೆ.

ತಪ್ಪು ಆಗುವ ಬಗೆ ಸರಳ. ಒಂದೇ ಮಾತುಕತೆಯನ್ನು ಹತ್ತಾರು ಸಲ ಚಿತ್ರೀಕರಿಸುತ್ತಾರೆ. ಪ್ರತಿ ಸಲವೂ ನಟ ಅದೇ ಮಾತಿಗೆ ಅದೇ ತುತ್ತು ಎತ್ತಬೇಕು, ಪಾತ್ರೆ ಅದೇ ಇರಬೇಕು. ಸಂಕಲನಕಾರ ಮಾತು ಚೆನ್ನಾಗಿ ಬಂದ ತುಣುಕನ್ನು ಆರಿಸುತ್ತಾನೆ, ಪಾತ್ರೆ ಸರಿಯಿದ್ದ ತುಣುಕನ್ನಲ್ಲ. ನಟ ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಈ ತಾಪತ್ರಯವೇ ಇರಲಿಲ್ಲ. ಆದರೆ ಪಿಟ್‌ನ ರಸ್ಟಿ ಕೈಕಟ್ಟಿ ನಿಲ್ಲುವ ಆಸಾಮಿಯಲ್ಲ, ಚಿತ್ರದುದ್ದಕ್ಕೂ ಏನನ್ನಾದರೂ ಮೆಲ್ಲುತ್ತಲೇ ಇರುತ್ತಾನೆ. ಕೋಟಿಗಟ್ಟಲೆ ಡಾಲರ್ ಲೂಟಿಯ ಸಂಚಿನ ನಡುವೆ ಹಸಿವಾಗುವುದು ಧೈರ್ಯದ ಲಕ್ಷಣ ಎಂದು ಒಂದು ಗುಂಪು, ನಟನೆ ಬಾರದಿದ್ದಾಗ ಬಾಯಿಗೆ ಕೊಡುವ ಕೆಲಸ ಎಂದು ಇನ್ನೊಂದು.

ತಿನ್ನುವ ವಿಷಯ ಬಂದದ್ದು ಒಳ್ಳೆಯದೇ ಆಯಿತು. ಈ ಚಿತ್ರವನ್ನು ಅಳೆಯಲು ಮದುವೆಮನೆಯ ಪಂಕ್ತಿಗಿಂತ ಸರಿಯಾದ ಅಳತೆಗೋಲು ಸಿಗುವುದು ಕಷ್ಟ. 2001ರಲ್ಲಿ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಹಾಕಿದ ಸಾಲಿನಲ್ಲಿ ಕೂತವರು ಕಳ್ಳರೇ ಹನ್ನೊಂದು ಜನ. ಎದುರಿಗೆ ಕ್ಯಾಸಿನೋ ಧಣಿ ಬೆನೆಡಿಕ್ಟ್ ಆಗಿ ಆ್ಯಂಡಿ ಗಾರ್ಸಿಯಾ, ನಡುವೆ ಜೂಲಿಯಾ ರಾಬರ್ಟ್ಸ್. ಬೇರೆ ಕಡೆ ಒಬ್ಬೊಬ್ಬರೂ ಒಂದೊಂದು ಚಿತ್ರ ಹೊರಬಲ್ಲವರು. ಓಟ 116 ನಿಮಿಷ. ಹದಿಮೂರು ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ಒಂಬತ್ತು ನಿಮಿಷವೂ ಬರುವುದಿಲ್ಲ. ಬಡಿಸುವವನು ಇಲ್ಲೇ ಸಿಕ್ಕಿಬೀಳುವುದು. ಎಲ್ಲ ಎಲೆಗೂ ಪಾಯಸ ಸುರಿದರೆ ಅನ್ನಕ್ಕೆ ಜಾಗವಿರುವುದಿಲ್ಲ.

ಹಾಗಾಗಿ ಸೋಡರ್‌ಬರ್ಗ್ ಮುಲಾಜಿಲ್ಲದೆ ಪಂಕ್ತಿಭೇದ ಮಾಡಿದ. ಅನ್ನ ಸಾರೆಲ್ಲ ಕಳ್ಳರ ನಾಯಕ ಡ್ಯಾನಿ ಓಷನ್ ಆದ ಜಾರ್ಜ್ ಕ್ಲೂನಿ ಮತ್ತು ಪಿಟ್ ಎಲೆಗೆ. ಮ್ಯಾಟ್ ಡೇಮನ್‌ಗೆ ಹೊಸ ಅಳಿಯನ ಮರ್ಯಾದೆ: ಗೌರವ ಉಂಟು, ಮಾತಿಗೆ ಬೆಲೆ ಇಲ್ಲ. ಸದಾ ಕಚ್ಚಾಡುವ ಮಲ್ಲಾಯ್ ಸಹೋದರರು ಕೋಸಂಬರಿ. ಎಂಬತ್ತರ ಹತ್ತಿರವಿದ್ದ ಕಾರ್ಲ್ ರೈನರ್ ತುಪ್ಪ. ಒಂದು ಮಿಳ್ಳೆ ಸಾಕು, ಘಮ ಕೊನೆಯವರೆಗೆ. ತಿಜೋರಿಗೆ ಹೋಗುವ ಹಣದ ಗಾಡಿಯೊಳಗೆ ಮಡಚಿ ಕೂರುವ ಯೆನ್ ಹಪ್ಪಳವಲ್ಲದೆ ಇನ್ನೇನು? ಆ ಪಾತ್ರ ಮಾಡಿದ ಶಾವೊಬೊ ಚಿನ್ ವೃತ್ತಿಯಿಂದಲೇ ಕಸರತ್ತುಗಾರ. ಅವನು ಚೀನೀ ಭಾಷೆಯಲ್ಲಿ ಮಾತಾಡುತ್ತಾನೆ, ಉಳಿದವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಯಾರಿಗೂ ಯಾವುದೂ ಅರ್ಥವಾಗದೆ ಉಳಿಯುವುದಿಲ್ಲ.

ಕಡಿಮೆ ಬಿತ್ತು ಎಂಬ ತಕರಾರು ಜೋರಾಗಿರುವುದು ಜೂಲಿಯಾ ರಾಬರ್ಟ್ಸ್ ಎಲೆಯ ಬಗ್ಗೆ. ಆಕೆಯ ಸಂಭಾವನೆ ಆಗ ಚಿತ್ರಕ್ಕೆ 2 ಕೋಟಿ ಡಾಲರ್. ಕ್ಲೂನಿ ಚಿತ್ರಕಥೆಯ ಜೊತೆಗೆ 20 ಡಾಲರಿನ ಒಂದು ನೋಟಿಟ್ಟು, ನಿಮಗೆ ಚಿತ್ರಕ್ಕೆ ಇಪ್ಪತ್ತಂತೆ ಎಂದು ಬರೆದು ಕಳಿಸಿದ್ದು ಪ್ರಸಿದ್ಧ ಕಥೆ. ಅದೇ ವರ್ಷ ಆಸ್ಕರ್ ಗೆದ್ದಾಕೆಯ ಹೆಸರನ್ನು ಕ್ರೆಡಿಟ್‌ನಲ್ಲಿ ಹೊಸ ಪರಿಚಯವೆಂಬಂತೆ ಹಾಕಿ ತಮಾಷೆಯನ್ನೂ ಮಾಡಿದರು. ಇಷ್ಟಾಗಿಯೂ ಟೆಸ್ ಪಾತ್ರಕ್ಕೆ ದಕ್ಕಿದ್ದು ಮೆಟ್ಟಿಲಿಳಿದು ಬರುವುದು, ಹಳೆಯ ಗಂಡ ಡ್ಯಾನಿಗೆ ನಾಲ್ಕು ಚುಚ್ಚು ಮಾತು, ಒಂದಿಷ್ಟು ಕಣ್ಣೀರು. ಉಪ್ಪಿನಕಾಯಿಯನ್ನು ಬೆಳ್ಳಿ ಬಟ್ಟಲಲ್ಲಿಟ್ಟರೂ ಅದು ಎಲೆಯ ಮೂಲೆಗೇ. ಈ ದೂರಿಗೆ ನನ್ನ ಸಹಿ ಇದೆ.

ಡಾನ್ ಚೀಡಲ್‌ನ ಲಂಡನ್ ಉಚ್ಚಾರಣೆಯ ಬಗ್ಗೆ ಲಂಡನ್ನಿನವರು ಇಂದಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಅದು ಸಾರಿಗೆ ಬಿದ್ದ ಸಕ್ಕರೆ. ನಮ್ಮ ಕಿವಿಗೆ ಅದೂ ಇಂಗ್ಲಿಷೇ, ನಾವು ಬಚಾವ್.

ಇನ್ನು ಚಿತ್ರದ ದರೋಡೆಯಲ್ಲಿ ತಪ್ಪು ಎಣಿಸುವ ಲೆಕ್ಕದವರ ಕಡೆ ಬರೋಣ. ಇವರನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಲೆಕ್ಕ ಅವರದೇ ಸರಿ. ದೋಚುವ ಮೊತ್ತ ಸುಮಾರು 16 ಕೋಟಿ ಡಾಲರ್. ಅಮೆರಿಕದ ನೋಟು ಒಂದರದ್ದಾದರೂ ನೂರರದ್ದಾದರೂ ತೂಕ ಒಂದೇ, ಹೆಚ್ಚುಕಮ್ಮಿ ಒಂದು ಗ್ರಾಂ. ಎಲ್ಲವೂ ನೂರರ ನೋಟೇ ಎಂದು ಉದಾರವಾಗಿ ಒಪ್ಪಿಕೊಂಡರೂ 16 ಲಕ್ಷ ನೋಟು, ಅಂದರೆ 1,600 ಕಿಲೋ. ಐವತ್ತು ಕಿಲೋದ ಅಕ್ಕಿ ಮೂಟೆ ಲೆಕ್ಕದಲ್ಲಿ 32 ಮೂಟೆ. ಕೊನೆಗೆ ಈ ಹಣ ಆಚೆ ಹೋಗುವುದು ಪೊಲೀಸ್ ಕಮಾಂಡೋಗಳ ವೇಷ ತೊಟ್ಟ ಕಳ್ಳರ ಹೆಗಲ ಚೀಲಗಳಲ್ಲಿ. ಎಂಟು ಜನ ಹೊತ್ತರು ಅಂದುಕೊಳ್ಳಿ, ತಲೆಗೆ ನಾಲ್ಕು ಮೂಟೆ. ಎಪಿಎಂಸಿ ಯಾರ್ಡಿನ ಪಳಗಿದ ಹಮಾಲಿ ಕೂಡ ಒಂದು ಸಲಕ್ಕೆ ಒಂದು ಮೂಟೆ, ಹೆಚ್ಚೆಂದರೆ ಎರಡು ಹೊರುತ್ತಾನೆ, ಅದೂ ಬಾಗಿ. ಇವರು ನೆಟ್ಟಗೆ, ಸಂಜೆ ವಾಕಿಂಗ್ ಹೊರಟವರಂತೆ ನಡೆದು ಹೋಗುತ್ತಾರೆ. ಕ್ಯಾಸಿನೋಗೆ ಬರುವವರೆಲ್ಲ ನೂರರ ನೋಟನ್ನೇ ತರುವುದಿಲ್ಲವಲ್ಲ. ಪೂರ್ತಿ ಇಪ್ಪತ್ತರ ನೋಟಾದರೆ ತೂಕ ಎಂಟು ಟನ್. ಚೀಲ ಬಿಡಿ, ಲಾರಿ ಕರೆಸಬೇಕು.

ತೂಕವನ್ನಾದರೂ ಮಾಫಿ ಮಾಡಬಹುದು, ಕರಪತ್ರದ ತಕರಾರಿಗೆ ಚಿತ್ರದಲ್ಲಿ ಉತ್ತರವೇ ಇಲ್ಲ. ನಡೆಯುವುದು ಹೀಗೆ. ಕಳ್ಳರು ತಿಜೋರಿ ಹೊಕ್ಕ ಮೇಲೆ ಬೆನೆಡಿಕ್ಟ್‌ಗೆ ಫೋನು: ಅರ್ಧ ಹಣವನ್ನು ನಿನ್ನ ಆಳುಗಳೇ ವ್ಯಾನಿಗೆ ತುಂಬಲಿ, ಇಲ್ಲವಾದರೆ ಎಲ್ಲವನ್ನೂ ಸಿಡಿಸಿಬಿಡುತ್ತೇವೆ. ಚೀಲಗಳು ಮೇಲೆ ಬರುತ್ತವೆ, ವ್ಯಾನಿಗೆ ಏರುತ್ತವೆ. ಆಮೇಲೆ ನೋಡಿದರೆ ಚೀಲದೊಳಗೆ ಹಣವಲ್ಲ, ಲಾಸ್ ವೇಗಸ್ಸಿನ ಫುಟ್‌ಪಾತಿನಲ್ಲಿ ಹಂಚುವ ಬೆಲೆವೆಣ್ಣುಗಳ ಜಾಹೀರಾತಿನ ಕರಪತ್ರಗಳು. ಒಳ್ಳೆಯ ನಗು. ಆದರೆ ಆ ಕಾಗದ ತಿಜೋರಿಗೆ ಇಳಿದದ್ದು ಯಾವಾಗ? ಗಾಡಿಯಲ್ಲಿ ಯೆನ್ ಕೂತ ಮೇಲೆ ಒಂದು ಕರವಸ್ತ್ರಕ್ಕೂ ಜಾಗವಿರಲಿಲ್ಲ. ಲಿಫ್ಟಿನ ಬಾವಿಯಲ್ಲಿ ಹಗ್ಗ ಹಿಡಿದು ಇಳಿದ ಇಬ್ಬರ ಬೆನ್ನ ಮೇಲೆ ಕ್ವಿಂಟಾಲುಗಟ್ಟಲೆ ಕಾಗದವಿರಲಿಲ್ಲ. ದೊಡ್ಡ ಚೀಲ ತಂದವರು ಕಮಾಂಡೋ ವೇಷದವರು ಮಾತ್ರ, ಅವರು ಬರುವ ಹೊತ್ತಿಗೆ ವ್ಯಾನೇ ಹೊರಟಾಗಿತ್ತು. ಅಭಿಮಾನಿಗಳು ಇದಕ್ಕೆ ಹತ್ತಾರು ಸಮಜಾಯಿಷಿ ಹೊಸೆದಿದ್ದಾರೆ. ಒಂದರಲ್ಲೂ ಕಾಲದ ಲೆಕ್ಕ ಕೂಡುವುದಿಲ್ಲ.

ಊರಿನ ದೀಪವನ್ನೆಲ್ಲ ಅರ್ಧ ನಿಮಿಷ ಆರಿಸುವ ‘ಪಿಂಚ್’ ಯಂತ್ರವನ್ನೂ ಲೆಕ್ಕದವರು ಬಿಡುವುದಿಲ್ಲ. ಹೆಸರು ಹುಸಿಯಲ್ಲ. ಪ್ಲಾಸ್ಮಾದೊಳಗೆ ಭಾರೀ ವಿದ್ಯುತ್ ಹರಿಸಿ, ಅದರದೇ ಕಾಂತಕ್ಷೇತ್ರದಿಂದ ಅದನ್ನು ಹಿಂಡುವುದಕ್ಕೆ ಭೌತಶಾಸ್ತ್ರದಲ್ಲಿ ಪಿಂಚ್ ಎಂದೇ ಹೆಸರು. ನ್ಯೂ ಮೆಕ್ಸಿಕೋದ ಸಾಂಡಿಯಾ ಪ್ರಯೋಗಾಲಯದಲ್ಲಿ ಅಂಥದೊಂದು ಯಂತ್ರವಿದೆ, ಅಡ್ಡಳತೆ ಸುಮಾರು 33 ಮೀಟರ್. ಚಿತ್ರದಲ್ಲಿ ಅದು ವ್ಯಾನಿನ ಹಿಂದೆ ಹಿಡಿಸುತ್ತದೆ. ಅದಿರಲಿ, ಆರಿದ ದೀಪ ಹತ್ತುವ ರೀತಿಯೇ ಅನುಮಾನದ್ದು. ಅಷ್ಟು ಬಲದ ಕಾಂತಸ್ಪಂದನ ನಿಜವಾಗಿ ಹೊಡೆದಿದ್ದರೆ ಎಲೆಕ್ಟ್ರಾನಿಕ್ ಸಾಮಾನೆಲ್ಲ ಸುಟ್ಟು ಕೂತಿರುತ್ತಿತ್ತು, ಕಳ್ಳರ ಕ್ಯಾಮೆರಾಗಳೂ ಸೇರಿ. ಸುಡದೆ ಗ್ರಿಡ್ಡಷ್ಟೇ ಕುಸಿದಿದ್ದರೆ ಮತ್ತೆ ಎಬ್ಬಿಸಲು ತಾಸುಗಟ್ಟಲೆ ಬೇಕು. 2003ರ ಆಗಸ್ಟಿನಲ್ಲಿ ಅಮೆರಿಕದ ಈಶಾನ್ಯ ಭಾಗ ಕತ್ತಲಾದಾಗ ಕೆಲವು ಕಡೆ ದಿನಗಳೇ ಹಿಡಿದವು. ಲಾಸ್ ವೇಗಸ್ ಮಾತ್ರ ಯಾರೋ ಸ್ವಿಚ್ ಒತ್ತಿದಂತೆ ಬೀದಿ ಬೀದಿಯಾಗಿ ಝಗ್ಗೆನ್ನುತ್ತದೆ. ನೋಡಲು ಚೆಂದ, ಒಪ್ಪೋಣ.

ಚಿತ್ರದಲ್ಲಿ ಲೂಟಿಯಾಗುವ ಬೆಲಾಜಿಯೋ, ಮಿರಾಜ್, ಎಂಜಿಎಂ ಗ್ರ್ಯಾಂಡ್ ಕ್ಯಾಸಿನೋ ಮೂರಕ್ಕೂ ಒಬ್ಬನೇ ಧಣಿ ಎಂಬುದನ್ನು ಕೆಲವರು ಕಟ್ಟುಕಥೆ ಅನ್ನುತ್ತಾರೆ. ಅಲ್ಲಿ ಚಿತ್ರ ಸುಳ್ಳು ಹೇಳಿಲ್ಲ. 2000ದಲ್ಲಿ ಎಂಜಿಎಂ ಕಂಪನಿ ಮಿರಾಜ್ ಕಂಪನಿಯನ್ನು ಕೊಂಡ ಮೇಲೆ ಮೂರೂ ಒಂದೇ ಮಾಲೀಕತ್ವದಲ್ಲಿದ್ದವು. ಸುಳ್ಳು ಇರುವುದು ಮೂರಕ್ಕೂ ನೆಲದಡಿಯಲ್ಲಿ ಒಂದೇ ತಿಜೋರಿ ಎಂಬಲ್ಲಿ. ಮಿರಾಜಿನಿಂದ ಎಂಜಿಎಂ ಗ್ರ್ಯಾಂಡಿಗೆ ಎರಡು ಕಿಲೋಮೀಟರಿಗೂ ಮಿಕ್ಕಿದ ದಾರಿ. ದರೋಡೆ ನಡೆಯುವ ಬಾಕ್ಸಿಂಗ್ ಪಂದ್ಯದ ರಾತ್ರಿ, ಜನ ಮುಗಿಬಿದ್ದು ಆಡುವಾಗ, ಒಂದು ಕಡೆ ಹಣ ಮುಗಿದರೆ ಇನ್ನೊಂದು ಕಡೆಯಿಂದ ತರಲು ಯಾವ ಧಣಿ ಕಾಯುತ್ತಾನೆ? ಅಂದಹಾಗೆ, ಮಿರಾಜ್ 2024ರ ಜುಲೈನಲ್ಲಿ ಬಾಗಿಲು ಹಾಕಿತು.

ಬೆಲಾಜಿಯೋದಲ್ಲಿ ನಿಜವಾಗಿ ನಡೆದ ಒಂದು ದರೋಡೆಯನ್ನು ಪಕ್ಕದಲ್ಲಿಟ್ಟರೆ ಚಿತ್ರದ ಜಾಣತನ ಗೊತ್ತಾಗುತ್ತದೆ. 2010ರ ಡಿಸೆಂಬರ್ 14ರ ನಸುಕಿನಲ್ಲಿ ಹೆಲ್ಮೆಟ್ ತೊಟ್ಟ ಒಬ್ಬ ಬೈಕಿನಲ್ಲಿ ಬಂದು, ಪಿಸ್ತೂಲು ತೋರಿಸಿ, ಜೂಜಿನ ಮೇಜಿನಿಂದ ಸುಮಾರು 15 ಲಕ್ಷ ಡಾಲರಿನ ಚಿಪ್ಸ್ ಬಾಚಿಕೊಂಡು ಹೋದ. ಹನ್ನೊಂದು ಜನ ಬೇಕಾಗಲಿಲ್ಲ, ಪಿಂಚ್ ಬೇಕಾಗಲಿಲ್ಲ. ಆದರೆ ಚಿಪ್ಸ್ ಅಂದರೆ ಆ ಮನೆಯೊಳಗೆ ಮಾತ್ರ ದುಡ್ಡು, ಹೊಸಿಲು ದಾಟಿದರೆ ಬಣ್ಣದ ಬಿಲ್ಲೆ. ಪಣಜಿಯ ಮಾಂಡೋವಿಯಲ್ಲಿ ನಿಂತ ಕ್ಯಾಸಿನೋ ಹಡಗಿಗೆ ವಾರಾಂತ್ಯದಲ್ಲಿ ಹೋಗಿಬರುವ ಬೆಳಗಾವಿ, ಹುಬ್ಬಳ್ಳಿಯವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಅವನ ಹತ್ತಿರ 25,000 ಡಾಲರಿನ ಬಿಲ್ಲೆಗಳೂ ಇದ್ದವು, ಕ್ಯಾಸಿನೋ ಆ ಸರಣಿಯನ್ನೇ ರದ್ದು ಮಾಡಿತು. ಮಾರಲು ಹೋದವನು ವೇಷ ಮರೆಸಿಕೊಂಡ ಪೊಲೀಸನಿಗೇ ಮಾರಿ ಸಿಕ್ಕಿಬಿದ್ದ. ಡ್ಯಾನಿ ಓಷನ್ ಬಿಲ್ಲೆ ಮುಟ್ಟುವುದಿಲ್ಲ, ನೋಟಿಗೇ ಕೈ ಹಾಕುತ್ತಾನೆ. ಹೊರುವ ಕಷ್ಟ ಬೇರೆ ಮಾತು.

ಹಾಗಿದ್ದರೆ ಇಷ್ಟು ತೂತಿನ ಪಾತ್ರೆಯಲ್ಲಿ ನೀರು ನಿಂತದ್ದು ಹೇಗೆ? ಬಜೆಟ್ಟಿನ ಐದು ಪಟ್ಟಿಗೂ ಹೆಚ್ಚು ಗಳಿಸಿದ ಚಿತ್ರ ಇದು. ನನ್ನ ಲೆಕ್ಕದಲ್ಲಿ ಉತ್ತರ ಇರುವುದು ಗೋದಾಮಿನಲ್ಲಿ. ಕಳ್ಳರು ತಿಜೋರಿಯ ತದ್ರೂಪು ಕಟ್ಟುವುದನ್ನು ಚಿತ್ರ ನಮ್ಮ ಕಣ್ಣೆದುರೇ ತೋರಿಸುತ್ತದೆ. ಯಾಕೆ ಅಂದರೆ ಅಭ್ಯಾಸಕ್ಕೆ. ಹೌದಲ್ಲ, ನಾಟಕಕ್ಕೂ ತಾಲೀಮು ಬೇಕು ಎಂದು ನಾವು ತಲೆದೂಗುತ್ತೇವೆ. ಎಷ್ಟೋ ಹೊತ್ತಿನ ಮೇಲೆ ಬೆನೆಡಿಕ್ಟ್ ತನ್ನ ಟೀವಿಯಲ್ಲಿ ಕಳ್ಳರು ತಿಜೋರಿ ದೋಚುವುದನ್ನು ನೋಡುತ್ತಾನೆ, ಬೆವರುತ್ತಾನೆ. ಎಲ್ಲ ಮುಗಿದ ಮೇಲೆ ಮತ್ತೆ ಅದೇ ಟೇಪು ನೋಡುವಾಗ ಅವನ ಕಣ್ಣು ನೆಲಕ್ಕೆ ಬೀಳುತ್ತದೆ. ತಿಜೋರಿಯ ನೆಲದ ಮೇಲೆ ಬೆಲಾಜಿಯೋ ಎಂಬ ಹೆಸರು ಇರಬೇಕಲ್ಲ? ಇದೆ, ಮೊನ್ನೆ ಮಂಗಳವಾರವಷ್ಟೇ ಹಾಕಿಸಿದ್ದು. ಟೇಪಿನಲ್ಲಿ ಬೋಳು ನೆಲ. ಅವನು ನೋಡಿದ್ದು ಗೋದಾಮಿನ ತದ್ರೂಪಿನಲ್ಲಿ ಮೊದಲೇ ತೆಗೆದಿಟ್ಟ ಚಿತ್ರ. ನಮ್ಮಿಂದ ಏನನ್ನೂ ಬಚ್ಚಿಟ್ಟಿರಲಿಲ್ಲ, ಬೇರೆ ಹೆಸರು ಹೇಳಿ ಬಡಿಸಿದ್ದರು ಅಷ್ಟೇ. ಎಲೆಯ ಮೇಲೇ ಇದ್ದದ್ದನ್ನು ನಾವು ಗುರುತು ಹಿಡಿಯಲಿಲ್ಲ ಎಂಬ ಪೆಚ್ಚುತನ ಒಂದು ಬಗೆಯ ಸುಖ.

ಇದರ ಮುಂದಿನ ಭಾಗ, 2004ರ ‘ಓಷನ್ಸ್ ಟ್ವೆಲ್ವ್’, ಬಚ್ಚಿಡದೆ ಬಡಿಸುವ ಈ ಮಾತನ್ನೇ ತಪ್ಪಿಸಿತು. ಬೈಗುಳ ತಿಂದದ್ದು ಅದಕ್ಕೇ. ಅಲ್ಲಿ ಕದಿಯಬೇಕಾದದ್ದು ಫ್ಯಾಬರ್ಜೆ ಎಂಬ ರತ್ನಖಚಿತ ಮೊಟ್ಟೆ, ಹೊರಬೇಕಾದ ತೂಕವೂ ಇಲ್ಲ, ಲೆಕ್ಕದವರಿಗೆ ಕೆಲಸವೇ ಇಲ್ಲ. ಆದರೂ ಸಿಟ್ಟು ಹತ್ತು ಪಟ್ಟು. ವಸ್ತುಸಂಗ್ರಹಾಲಯಕ್ಕೆ ಹೋಗುವುದು, ಸಿಕ್ಕಿಬೀಳುವುದು, ಟೆಸ್ ಪಾತ್ರಧಾರಿ ಜೂಲಿಯಾ ರಾಬರ್ಟ್ಸ್ ‘ಜೂಲಿಯಾ ರಾಬರ್ಟ್ಸ್’ ಆಗಿ ವೇಷ ಹಾಕುವುದು, ಬ್ರೂಸ್ ವಿಲ್ಲಿಸ್ ಬ್ರೂಸ್ ವಿಲ್ಲಿಸನಾಗಿಯೇ ಬಂದು ಮಾತಾಡಿಸುವುದು, ಎಲ್ಲ ಮುಗಿದ ಮೇಲೆ ಒಂದು ಸುದ್ದಿ: ಮೊಟ್ಟೆಯನ್ನು ಆಗಲೇ ರೈಲಿನಲ್ಲಿ ಬದಲಾಯಿಸಿಯಾಗಿತ್ತು. ಹಾಗಾದರೆ ಇಷ್ಟು ಹೊತ್ತು ನಾವು ಏನು ನೋಡಿದೆವು? ಗುರುತಿಲ್ಲದವರ ಮದುವೆಯ ವಿಡಿಯೋ ನೋಡಿದ ಹಾಗೆ. ಅವರವರೇ ನಗುತ್ತಾರೆ, ಕೋಮೋ ಸರೋವರ ಚೆನ್ನಾಗಿದೆ, ನಮಗೆ ಕಾಫಿ ಕೊಡುವವರಿಲ್ಲ. ಅದೇ ಅದರ ಸೊಗಸು ಎಂದು ವಾದಿಸುವವರೂ ಇದ್ದಾರೆ; ಇತ್ತೀಚೆಗೆ ಅವರ ಸಂಖ್ಯೆ ಹೆಚ್ಚುತ್ತಿರುವಂತಿದೆ. ಇರಲಿ, ಮದುವೆ ವಿಡಿಯೋ ಇಷ್ಟಪಡುವವರೂ ಇರುತ್ತಾರೆ.

1960ರ ಮೂಲ ಚಿತ್ರವೇ ಮೇಲು ಅನ್ನುವ ಹಿರಿಯರಿಗೆ ಒಂದೇ ಉತ್ತರ: 127 ನಿಮಿಷ ಕೂತು ನೋಡಿ. ಫ್ರ್ಯಾಂಕ್ ಸಿನಾತ್ರಾ ಮತ್ತು ಗೆಳೆಯರು ಹೊಸ ವರ್ಷದ ಮಧ್ಯರಾತ್ರಿ ಐದು ಕ್ಯಾಸಿನೋ ದೋಚುತ್ತಾರೆ, ಆದರೆ ದೋಚಲು ಎದ್ದು ಹೊರಡುವಷ್ಟರಲ್ಲಿ ಪ್ರೇಕ್ಷಕನಿಗೆ ಎರಡು ಆಕಳಿಕೆ ಬಂದಿರುತ್ತದೆ. ಕೊನೆ ಮಾತ್ರ ಅದರದ್ದೇ ಮೇಲು. ಶವಪೆಟ್ಟಿಗೆಯಲ್ಲಿ ಅಡಗಿಸಿದ ಹಣ ಹೆಣದ ಜೊತೆಗೇ ಸುಟ್ಟುಹೋಗುತ್ತದೆ. ತೂಕದ ತಕರಾರಿಗೂ ಅಲ್ಲಿ ಜಾಗವಿಲ್ಲ, ಬೂದಿಯನ್ನು ಯಾರು ತೂಗುತ್ತಾರೆ?

2001ರವರು ಸುಟ್ಟುಕೊಳ್ಳುವುದಿಲ್ಲ. ಕೆಲಸ ಮುಗಿಸಿ ಬೆಲಾಜಿಯೋ ಮುಂದಿನ ಕಾರಂಜಿಯ ಕಟ್ಟೆಗೆ ಬಂದು ಸಾಲಾಗಿ ನಿಲ್ಲುತ್ತಾರೆ. ಹಿನ್ನೆಲೆಯಲ್ಲಿ ಫ್ರೆಂಚ್ ಸಂಗೀತಕಾರ ದಬುಸ್ಸಿಯ ‘ಕ್ಲೇರ್ ದ ಲ್ಯೂನ್’. ಅಷ್ಟು ಹೊತ್ತು ಬಾಯಿಗೆ ಬಿಡುವು ಕೊಡದವರು ಒಂದು ಮಾತೂ ಆಡದೆ ನೀರು ಏರಿ ಇಳಿಯುವುದನ್ನು ನೋಡುತ್ತಾರೆ. ಲೆಕ್ಕದವರೂ ಇಲ್ಲಿ ಪೆನ್ಸಿಲ್ ಕೆಳಗಿಡುತ್ತಾರೆ. ನಮ್ಮ ಪಂಕ್ತಿಯಲ್ಲಾದರೆ ಒಬ್ಬನೇ ಮೊದಲು ಏಳುವ ಹಾಗಿಲ್ಲ, ಕೊನೆಯವನ ಊಟ ಮುಗಿಯುವವರೆಗೆ ಕೈ ಒಣಗಿಸಿಕೊಂಡು ಕೂರಬೇಕು. ಇವರು ಯಾರಿಗೂ ಹೇಳದೆ, ಕೈ ಕುಲುಕದೆ, ಒಬ್ಬೊಬ್ಬರಾಗಿ ಕಟ್ಟೆ ಬಿಟ್ಟು ಹೋಗುತ್ತಾರೆ. ಕಾರಂಜಿ ಇನ್ನೂ ಆಡುತ್ತಿರುತ್ತದೆ.