ಇಲ್ಲ ಅಂದ್ರೂ ಉಂಟು

ಡೊಂಬಿವಿಲಿಯಿಂದ ಭಾವನ ಫೋನು ಬಂದದ್ದು ಶನಿವಾರ ಬೆಳಿಗ್ಗೆ ಆರೂವರೆಗೆ, ಊರಲ್ಲಿ ಯಾರಾದ್ರೂ ಹೋದ್ರೋ ಏನೋ ಅಂತ ಎದೆ ಧಸಕ್ಕಂತು. "ಭಾಗವತ್ರು ನಾಲ್ಕು ದಿನದಿಂದ ಬಾಯಿ ಬಿಡ್ತಾ ಇಲ್ಲ ಮಾರಾಯ" ಅಂದ್ರು.

ಸಂಗತಿ ಎಂತ ಅಂದ್ರೆ ಭಾವನ ಕಂಪ್ಯೂಟರಲ್ಲಿ ಯಕ್ಷಗಾನ, ತಾಳಮದ್ದಳೆ ಅಂತ ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮುನ್ನೂರು ಚಿಲ್ಲರೆ ಫೈಲು ಉಂಟು, ಅದನ್ನ ಕೇಳ್ಲಿಕ್ಕೂ ಫೋನಿಗೆ ಹಾಕ್ಲಿಕ್ಕೂ ಒಂದು ಸಾಫ್ಟ್‌ವೇರು (ಹೆಸರು ಬೇಡ, ಕರೆದ್ರೆ ಎದ್ದು ಬಂದು ಅಪ್‌ಡೇಟ್ ಕೇಳ್ತದೆ), ನಾಲ್ಕು ದಿನದ ಹಿಂದೆ ಪ್ರಿಂಟರ್ ಕೈ ಕೊಟ್ಟಿತು ಅಂತ ಪಕ್ಕದ ಬಿಲ್ಡಿಂಗಿನವರ ಮಾತು ಕೇಳಿ ಇವರು ಸಿಸ್ಟಮ್ ರಿಸ್ಟೋರ್ ಒತ್ತಿದ್ರು. ಪ್ರಿಂಟರ್ ಬಂತು, ಭಾಗವತ್ರು ಹೋದ್ರು.

ಈ ರಿಸ್ಟೋರ್ ಅನ್ನೋದು ವಿಂಡೋಸಿಗೆ ಬಂದದ್ದು 2000ದಲ್ಲಿ, ವಿಂಡೋಸ್ ಎಂಇ ಒಟ್ಟಿಗೆ. ಕಂಪ್ಯೂಟರನ್ನ ಹಿಂದಿನ ಒಂದು ತಾರೀಕಿಗೆ ಕರ್ಕೊಂಡು ಹೋಗ್ತದೆ, ಆದ್ರೆ ಎಲ್ಲರನ್ನೂ ಅಲ್ಲ. ಸಿಸ್ಟಮ್ ಫೈಲು, ಡ್ರೈವರು, ರಿಜಿಸ್ಟ್ರಿ (ಯಾರ್ಯಾರನ್ನ ಹಾಕಿದೆ ಅಂತ ವಿಂಡೋಸ್ ಬರೆದಿಡುವ ಲೆಕ್ಕದ ಪುಸ್ತಕ), ಪ್ರೋಗ್ರಾಮು ಹಿಂದಕ್ಕೆ ಹೋಗ್ತವೆ, ನಮ್ಮ ಹಾಡು ಫೋಟೋ ಎಲ್ಲ ಇಂದಿನಲ್ಲೇ ಉಳೀತವೆ. ನಡುವೆ ಆ ಸಾಫ್ಟ್‌ವೇರು ಅಪ್‌ಡೇಟ್ ಆಗಿತ್ತಲ್ಲ, ಈಗ ರಿಜಿಸ್ಟ್ರಿಯ ಲೆಕ್ಕದಲ್ಲಿ ಹಳೇ ವರ್ಷನ್ ಉಂಟು, ಫೋಲ್ಡರ್ ತೆಗೆದು ನೋಡಿದ್ರೆ ಅರ್ಧ ಉಂಟು ಅರ್ಧ ಇಲ್ಲ, ಒತ್ತಿದ್ರೆ ತೆರೆಯೋದೇ ಇಲ್ಲ.

ಸರಿ, ಭಾವನ ಮನೆಗೆ ಹೋಗಿ ಹೊಸದು ಹಾಕುವ ಅಂತ ಕೂತೆ. 1638 ಅಂತ ಎರರ್ ನಂಬರ್ ಬಂತು. ಅಂದ್ರೆ ಇದರ ಇನ್ನೊಂದು ವರ್ಷನ್ ಆಗ್ಲೇ ಉಂಟು, ಮೊದಲು ಅದನ್ನ ತೆಗೀರಿ. ತೆಗೀಲಿಕ್ಕೆ ಹೋದೆ, 1612. ಅಂದ್ರೆ ಅದನ್ನ ಹಾಕಿದ ಮೂಲ ಫೈಲು ಸಿಗ್ತಾ ಇಲ್ಲ, ತಂದು ಕೊಡಿ. ಅಲ್ಲ ಮಾರಾಯ್ರೆ, ಮನೆಯಿಂದ ಹೊರಗೆ ಹೋಗು ಅನ್ನುವಾಗ ಒಳಗೆ ಬಂದ ದಿನದ ಟಿಕೆಟ್ ಕೇಳಿದ ಹಾಗೆ ಆಯ್ತಲ್ಲ ಇದು!

ಭಾವ ಮಾತ್ರ ತಲೆಯಾಡಿಸಿ ನಕ್ರು. ಅವರಿಗೆ ಇದು ಹೊಸದಲ್ಲ. ಮುಂಬೈಯಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸ್ಲಿಕ್ಕೆ ಹೋದವರಿಗೆಲ್ಲ ಗೊತ್ತು, ಮೊದಲು ಹಳೇ ಕಾರ್ಡಿನಿಂದ ಹೆಸರು ತೆಗೆಸಿದ ದಾಖಲೆ ತನ್ನಿ ಅಂತಾರೆ, ಅದಕ್ಕೆ ಊರಿಗೆ ಹೋದ್ರೆ ಹಳೇ ಕಾರ್ಡು ತನ್ನಿ ಅಂತಾರೆ, ಕಾರ್ಡನ್ನ ಗೆದ್ದಲು ತಿಂದು ಯಾವ ಕಾಲ ಆಯ್ತೋ. ಮನುಷ್ಯ ಕೌಂಟರ್ ಎದುರು ನಿಂತಿದ್ದಾನೆ, ಕಾಗದದ ಪ್ರಕಾರ ಅವ ಕುಂದಾಪುರದಲ್ಲಿ ಸಕ್ಕರೆ ತಗೊಳ್ತಾ ಇದ್ದಾನೆ.

ಮೇಲಿಂದ ಇದು ಒಬ್ಬಂಟಿ ಸಾಫ್ಟ್‌ವೇರೂ ಅಲ್ಲ. ಮದುಮಗ ಒಬ್ಬ, ಹಿಂದೆ ದಿಬ್ಬಣ. ಅಪ್‌ಡೇಟ್ ನೋಡ್ಲಿಕ್ಕೆ ಒಬ್ಬ, ಫೋನಿನ ಗುರುತು ಹಿಡೀಲಿಕ್ಕೆ ಒಬ್ಬ, ನೆಟ್‌ವರ್ಕಲ್ಲಿ ಯಾರ್ಯಾರು ಇದ್ದಾರೆ ಅಂತ ಇಣುಕ್ಲಿಕ್ಕೆ ಒಬ್ಬ, ಸಪೋರ್ಟ್ ಅಂತ 32 ಬಿಟ್ ಒಬ್ಬ 64 ಬಿಟ್ ಒಬ್ಬ. ಇವರನ್ನ ಕಳಿಸುವಾಗಲೂ ಕ್ರಮ ಉಂಟು, ಮದುಮಗ ಮೊದಲು ಏಳ್ಬೇಕು, ಸಪೋರ್ಟಿನವರು ಕಡೆಗೆ. ಇಲ್ಲಿ ಮದುಮಗನೇ ಸಿಗ್ತಾ ಇಲ್ಲ, ದಿಬ್ಬಣ ಊಟಕ್ಕೆ ಕೂತಾಗಿದೆ. ಕಡೆಗೊಂದು ಮೆಸೇಜು, ನಿಮ್ಮ ಅಡ್ಮಿನಿಸ್ಟ್ರೇಟರನ್ನ ಸಂಪರ್ಕಿಸಿ ಅಂತ. ಆ ಮನೆಯ ಅಡ್ಮಿನಿಸ್ಟ್ರೇಟರ್ ಅಕ್ಕ. ಅವಳು ಅಡುಗೆಮನೆಯಿಂದಲೇ "ಆ ಡಬ್ಬವನ್ನ ಗುಜರಿಗೆ ಹಾಕಿ" ಅಂದ್ಲು.

ಭಾವ ಅದಕ್ಕೂ ಮೊದಲೇ ಒಂದು ಯಾತ್ರೆ ಮುಗಿಸಿದ್ರಂತೆ. ಸಿಪಿಯು ಡಬ್ಬವನ್ನ ಬೆಡ್‌ಶೀಟಲ್ಲಿ ಕಟ್ಟಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು, ದಾದರಲ್ಲಿ ಬದಲಿಸಿ ಗ್ರಾಂಟ್ ರೋಡಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದ್ರೆ, ಅಂಗಡಿಯ ಹುಡುಗ ಡಬ್ಬ ಬಿಚ್ಚದೆ ಹೇಳಿದ್ನಂತೆ, "ಅಂಕಲ್, ಫಾರ್ಮ್ಯಾಟ್ ಮಾರ್ನಾ ಪಡೇಗಾ". ಅಂದ್ರೆ ಇದ್ದದ್ದೆಲ್ಲ ಒರೆಸಿ ಹೊಸದಾಗಿ ಶುರು ಮಾಡ್ಬೇಕು. ಅವರ ಹತ್ರ ಇರೋದು ಅದೊಂದೇ ಔಷಧಿ, ಶೀತಕ್ಕೂ ಅದೇ ಮುರಿದ ಕಾಲಿಗೂ ಅದೇ. ಅಂದ ಹಾಗೆ ಲ್ಯಾಮಿಂಗ್ಟನ್ ರೋಡಿಗೆ ಸರ್ಕಾರಿ ಹೆಸರು ಡಾ. ದಾದಾಸಾಹೇಬ್ ಭಡ್‌ಕಮ್ಕರ್ ಮಾರ್ಗ, ಟ್ಯಾಕ್ಸಿಯವನಿಗೆ ಅದನ್ನ ಹೇಳಿ ನೋಡಿ, ನಿಮ್ಮ ಮುಖವನ್ನೇ ನೋಡ್ತಾನೆ. 2018ರಲ್ಲಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಪ್ರಭಾದೇವಿ ಆಯ್ತು, ವಿಕ್ಟೋರಿಯಾ ಟರ್ಮಿನಸ್ ಅನ್ನೋ ವೀಟಿ ಸ್ಟೇಷನ್ ಛತ್ರಪತಿ ಶಿವಾಜಿಯ ಹೆಸರಿಗೆ ಆಯ್ತು, ಬಾಂಬೆ 1995ರಲ್ಲೇ ಮುಂಬೈ ಆಯ್ತು, ಹೈಕೋರ್ಟ್ ಮಾತ್ರ ಈಗಲೂ ಬಾಂಬೆ ಹೈಕೋರ್ಟೇ. ಇಡೀ ಪಟ್ಟಣದ ರಿಜಿಸ್ಟ್ರಿಯೇ ಹೀಗಿರುವಾಗ ಭಾವನ ಕಂಪ್ಯೂಟರನ್ನ ಬೈದು ಎಂತ ಪ್ರಯೋಜನ.

ಆಮೇಲೆ ಕೂತು ಕೆಲಸ ಮಾಡಿದ್ದು ಹೀಗೆ. ರಿಸ್ಟೋರನ್ನೇ ಅನ್‌ಡೂ ಮಾಡುವ ದಾರಿ ವಿಂಡೋಸೇ ಕೊಡ್ತದೆ, ಆದ್ರೆ ಮಾಡಿದ್ರೆ ಪ್ರಿಂಟರ್ ಮತ್ತೆ ಮುಷ್ಕರಕ್ಕೆ ಕೂರ್ತದೆ ಅಂತ ಭಾವ ಬಿಡ್ಲಿಲ್ಲ. ಹಾಗಾಗಿ ಹಳೇ ವರ್ಷನ್ನಿನ ಇನ್‌ಸ್ಟಾಲರ್ ಹುಡುಕಿ ತಂದು, ಫೈಲಿನ ಕಟ್ಟು ಬಿಚ್ಚುವ ಸೆವೆನ್-ಜಿಪ್ಪಲ್ಲಿ ಬಿಡಿಸಿದೆ, ಒಳಗೆ ದಿಬ್ಬಣದ ಒಬ್ಬೊಬ್ಬನದ್ದೂ ಮೂಲ ಫೈಲು, ಅಂದ್ರೆ ಎಂಎಸ್‌ಐ ಫೈಲು ಇತ್ತು. ಮೂಲ ಫೈಲು ಎಲ್ಲಿ ಅಂತ ಕೇಳಿದಾಗ ಇಗೋ ಅಂತ ತೋರಿಸಿದೆ, ಮದುಮಗ ಸೇರಿ ಮೂರು ಜನ ಮಾತಾಡದೆ ಎದ್ದು ಹೋದ್ರು. ಉಳಿದ ಮೂರು ಹಠಮಾರಿಗಳಿಗೆ ಮೈಕ್ರೋಸಾಫ್ಟಿನದ್ದೇ ಒಂದು ಪುಕ್ಕಟೆ ಟ್ರಬಲ್‌ಶೂಟರ್ ಉಂಟು, ಇನ್‌ಸ್ಟಾಲ್ ಅನ್‌ಇನ್‌ಸ್ಟಾಲ್ ತೊಂದರೆಗೆ ಅಂತಲೇ, ಅದು ರಿಜಿಸ್ಟ್ರಿಯಲ್ಲಿ ಉಳಿದ ಹೆಸರನ್ನ ಒರೆಸ್ತದೆ. ಹಿಂದೆ ಇದೇ ಕೆಲಸಕ್ಕೆ ಕ್ಲೀನ್‌ಅಪ್ ಯುಟಿಲಿಟಿ ಅಂತ ಒಂದು ಇತ್ತು, ಅದು ಬೇರೆಯವರ ಹೆಸರಿಗೂ ಕೈ ಹಾಕ್ತಿತ್ತು, 2010ರಲ್ಲಿ ಅವರೇ ವಾಪಸ್ ತಗೊಂಡ್ರು. ರೀಸ್ಟಾರ್ಟ್ ಮಾಡಿ ಹೊಸದು ಹಾಕಿದೆ, ಹತ್ತು ನಿಮಿಷ. ಹಾಡಿನ ಫೋಲ್ಡರನ್ನ ಮಾತ್ರ ಮೊದಲೇ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಟ್ಟಿದ್ದೆ, ಅಷ್ಟು ನಂಬಿಕೆ ನನಗೆ ಯಾರ ಮೇಲೂ ಇಲ್ಲ.

ಸಂಜೆ ಆರಕ್ಕೆ ಚೆಂಡೆ ಕೇಳಿತು. ಭಾವ ಕಣ್ಣು ಮುಚ್ಚಿ ಕೂತ್ರು, ಅಕ್ಕ ನೀರುದೋಸೆ ಕಟ್ಟಿ ಕೊಟ್ಲು. ಚಪ್ಪಲಿ ಹಾಕುವಾಗ ಭಾವ ಗಡಿಯಾರ ನೋಡಿ ಅಂದ್ರು, "ಆ ರಿಜಿಸ್ಟ್ರಿ ಎಂತ ಮಾರಾಯ, ಒಮ್ಮೆ ಬರೆದದ್ದನ್ನ ಬಿಡುದೇ ಇಲ್ಲ ಅಂತದಲ್ಲ, ಶುದ್ಧ ಹಠ. ಹಾಂ ಬೇಗ ಓಡು, ಈಗ ಒಂದು ವೀಟಿ ಸ್ಲೋ ಲೋಕಲ್ ಉಂಟು."